ಗಂಟೆಗೆ ಇಪ್ಪತ್ನಾಲ್ಕು ಕಾಲರ್

ತರಬೇತಿ ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, ಕಾಫಿ ಕುಡಿದು, “ನಿಮ್ಮ ಅನುಭವದ ತಿರುಳು ಹೇಳಿ” ಎಂದು ಕೇಳುವುದುಂಟು. ಮೂವತ್ತೊಂದು ವರ್ಷದ ಸಿಪ್ಪೆ ಸುಲಿದು ನೋಡಿದ್ದೇನೆ. ಒಳಗೆ ಸಿಕ್ಕಿದ್ದು ಹೆಚ್ಚಾಗಿ ನಾನು ಮಾಡಿದ ತಪ್ಪುಗಳೇ. ಅವುಗಳಲ್ಲಿ ದೊಡ್ಡದೊಂದನ್ನು ಬರೆದಿಟ್ಟರೆ ಯಾರಿಗಾದರೂ ಪ್ರಯೋಜನವಾದೀತು ಎಂದು ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಗೇಟಿನ ಚಿಲಕ ನೋಡಿ ಬಂದೆ. ಈ ಪ್ರಸಂಗ ನೆನಪಾದಾಗಲೆಲ್ಲ ಹೀಗೇ.

ಬಡ್ತಿಗಳ ವಿಚಾರ ಇಲ್ಲಿ ಬರುವುದಿಲ್ಲ. ನನಗೆ ಎರಡು ಬಡ್ತಿ ಬಂದವು. ಮೊದಲನೆಯದರಲ್ಲಿ ಕುರ್ಚಿಗೆ ಕೈ ಬಂತು, ಎರಡನೆಯದರಲ್ಲಿ ಕುರ್ಚಿಯ ಬೆನ್ನಿಗೆ ಟವೆಲ್ ಬಂತು. ದಾಖಲೆಗೆ ಇಷ್ಟು ಸಾಕು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಕಚೇರಿ ರಾಜಾಜಿನಗರದಲ್ಲಿತ್ತು. ‘ಬದಲಾಗುತ್ತಿರುವ ಕೈಗಾರಿಕೆಗೆ ಜನರನ್ನು ಸಜ್ಜುಗೊಳಿಸುವುದು’ ನಮ್ಮ ಘನ ಉದ್ದೇಶ. ಬಿಡಿಸಿ ಹೇಳುವುದಾದರೆ, ಮಾಗಡಿ ರಸ್ತೆಯಲ್ಲಿ ಒಂದು ಕಡೆ ಹಳೆಯ ನೂಲಿನ ಗಿರಣಿ ಬಾಗಿಲು ಹಾಕಿತ್ತು, ಇನ್ನೊಂದು ಕಡೆ ರಫ್ತಿನ ಶರ್ಟು ಹೊಲಿಯುವ ಶೆಡ್ಡುಗಳು ಬಾಗಿಲು ತೆಗೆಯುತ್ತಿದ್ದವು. ಆ ಬಾಗಿಲಿಂದ ಹೊರಬಿದ್ದ ಗಂಡಸರ ಹೆಂಡಿರನ್ನೂ ಮಕ್ಕಳನ್ನೂ ಈ ಬಾಗಿಲಿನೊಳಕ್ಕೆ ಸೇರಿಸುವುದು ನಮ್ಮ ಪಾಲಿಗೆ ಬಂದಿತ್ತು. ಇದಕ್ಕೆ ‘ಸಮುದಾಯ ಕಾರ್ಯಾಗಾರ’ ಎಂದು ಹೆಸರು. ಕಾಮಾಕ್ಷಿಪಾಳ್ಯದಲ್ಲಿ ಭಜನೆ ಮಂದಿರದ ಹಿಂದಿನ ಹಾಲ್ ಬಾಡಿಗೆಗೆ ಹಿಡಿದೆವು. ಸರ್ಕಾರ ಹದಿನಾರು ಮೋಟಾರ್ ಹೊಲಿಗೆ ಯಂತ್ರ ಕೊಟ್ಟಿತು. ಹದಿನಾರು ಜನ ಹೆಂಗಸರು ಬಂದರು. ನಾನು ಅವರ ತರಬೇತಿ ಅಧಿಕಾರಿ. ನನಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ನೇಮಕದ ಆದೇಶದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಪೋಣಿಸಲು ಬರುತ್ತಿದ್ದವರು ನಂಜುಂಡಪ್ಪನವರು. ಹೊಸಹಳ್ಳಿಯಲ್ಲಿ ಇಪ್ಪತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು. ಜನ ರೆಡಿಮೇಡ್ ಬಟ್ಟೆ ಕೊಳ್ಳುವ ಚಾಳಿ ಹಿಡಿದ ಮೇಲೆ ಅಂಗಡಿ ಮುಚ್ಚಿ ನಮ್ಮಲ್ಲಿ ಬೋಧಕರಾಗಿದ್ದರು. ತಮ್ಮ ಅಂಗಡಿ ಮುಚ್ಚಿಸಿದ ವಿದ್ಯೆಯನ್ನು ಊರಿಗೆಲ್ಲ ಕಲಿಸುವ ಕೆಲಸ ಅವರದಾಗಿತ್ತು. ಈ ವಿಚಾರವನ್ನು ಅವರು ದಿನಕ್ಕೊಮ್ಮೆಯಾದರೂ ನನಗೆ ಜ್ಞಾಪಿಸುತ್ತಿದ್ದರು.

“ಒಬ್ಬಳು ಕಾಲರ್ ಅಂತೆ, ಒಬ್ಬಳು ತೋಳಂತೆ, ಇನ್ನೊಬ್ಬಳು ಜೀವಮಾನವೆಲ್ಲ ಕಾಜ ಹೊಲಿಯೋದಂತೆ. ಕೊನೇಗೆ ಶರ್ಟು ಯಾರು ಹೊಲಿದ್ರು ಅಂದ್ರೆ ಯಾರ ಹೆಸರು ಹೇಳೋಣ ಸಾರ್?”

“ಕಂಪನಿ ಹೆಸರು ಹೇಳೋದು ನಂಜುಂಡಪ್ಪನವರೇ.”

“ಕಂಪನಿಗೆ ಕೈ ಇದೆಯಾ ಸಾರ್?”

ನಾನು ಇಲಾಖೆಯ ಕೈಪಿಡಿಯ ಪುಟ ತಿರುವಿದೆ.

ನಮ್ಮ ತಂಡ ಕಲಿಯಬೇಕಾಗಿದ್ದದ್ದು ಕಾಲರ್ ಮಾತ್ರ. ಎರಡು ತುಂಡು ಬಟ್ಟೆ, ನಡುವೆ ಗಟ್ಟಿಗೆ ಬಕ್ರಂ ಎಂಬ ಗಂಜಿಬಟ್ಟೆ, ಮೂರು ಕಡೆ ಹೊಲಿಗೆ, ಮೂಲೆ ತಿರುವಿ ಹಾಕುವುದು, ಮತ್ತೆ ಮೇಲೊಂದು ಹೊಲಿಗೆ. ಕೇಳಲು ಸುಲಭ. ಆದರೆ ಮೋಟಾರ್ ಯಂತ್ರ ಕಾಲು ತುಳಿಯುವ ಹಳೆಯ ಯಂತ್ರದ ಹಾಗಲ್ಲ. ಪೆಡಲ್ ಮೇಲೆ ಹೆಬ್ಬೆರಳು ಮುಟ್ಟಿಸಿದರೆ ಸಾಕು, ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ. ಮೊದಲ ದಿನ ಹೆಂಗಸರೆಲ್ಲ ಗೋಡೆಗೆ ಆತು ನಿಂತರು. ಅವರ ಭಯ ಬಿಡಿಸುವುದು ಅಧಿಕಾರಿಯ ಕರ್ತವ್ಯ ಎಂದು ಭಾವಿಸಿ ನಾನು ತುಂಬು ತೋಳಿನ ಅಂಗಿಯಲ್ಲಿ ಯಂತ್ರದ ಮುಂದೆ ಕೂತೆ.

“ನೋಡಿ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ” ಎಂದು ಪೆಡಲ್ ಒತ್ತಿದೆ.

ವಾಕ್ಯ ಮುಗಿಯುವುದರೊಳಗೆ ನನ್ನ ಎಡತೋಳಿನ ಕಫ್ ಕಾಲರಿಗೆ ಸೇರಿ ಹೊಲಿದುಹೋಗಿತ್ತು. ಹೊಲಿಗೆ ಅಚ್ಚುಕಟ್ಟಾಗಿಯೇ ಇತ್ತು. ನಂಜುಂಡಪ್ಪನವರು ಶಸ್ತ್ರಚಿಕಿತ್ಸೆ ಮಾಡುವ ಗಾಂಭೀರ್ಯದಿಂದ ಬ್ಲೇಡು ತಂದು ಒಂದೊಂದೇ ಹೊಲಿಗೆ ಬಿಚ್ಚಿದರು. ಅಷ್ಟು ಹೊತ್ತೂ ನಾನು ಯಂತ್ರಕ್ಕೆ ಕಟ್ಟಿಹಾಕಿದವನಾಗಿ ಕೂತು ಕೈಗಾರಿಕಾ ಸುರಕ್ಷತೆಯ ಬಗ್ಗೆ ಉಪನ್ಯಾಸ ಮುಂದುವರಿಸಿದೆ. ಬೇರೆ ದಾರಿಯಿರಲಿಲ್ಲ.

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಪುಟ್ಟಮ್ಮ ಮಾತ್ರ ನಗಲಿಲ್ಲ. “ಅಯ್ಯೋ ಶಿವನೇ, ಸಾಹೇಬರನ್ನೇ ಹೊಲಿದಾಕ್ತು, ನನ್ನ ಬಿಡ್ತದಾ?” ಎಂದಳು.

ಪುಟ್ಟಮ್ಮನಿಗೆ ಆಗ ನಲವತ್ತು ದಾಟಿತ್ತು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು. ಮನೆಯಲ್ಲಿ ಕೂತು ಊದಿನಕಡ್ಡಿ ಹೊಸೆದ ಕೈ, ಬೆರಳು ಬಹಳ ಚುರುಕು. ತೊಂದರೆಯಿದ್ದದ್ದು ಕಾಲಿನಲ್ಲಿ. ಮಲಗಿದ ಮಗುವನ್ನು ದಾಟುವವಳ ಹಾಗೆ ಪೆಡಲ್ ಮೇಲೆ ಕಾಲಿಡುತ್ತಿದ್ದಳು. ಯಂತ್ರ ನಾಲ್ಕು ಹೊಲಿಗೆ ಓಡಿದರೆ ಬೆಚ್ಚಿ ಕಾಲು ತೆಗೆಯುವಳು. ಮತ್ತೆ ನಾಲ್ಕು ಹೊಲಿಗೆ, ಮತ್ತೆ ನಿಲುಗಡೆ. ಆ ಭಯ ಅವಳು ಮನೆಯಿಂದ ತಂದದ್ದಲ್ಲ, ಇಲಾಖೆಯ ವತಿಯಿಂದ ನಾನು ಒದಗಿಸಿದ್ದು.

ಅವಳಿಗೆ ಈ ಕೆಲಸ ಬೇಕೇ ಬೇಕಾಗಿತ್ತು. ಗಂಡ ಮುಚ್ಚಿದ ಗಿರಣಿಯಲ್ಲಿ ಹತ್ತಿ ಧೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡಿದ್ದ. ಗಿರಣಿಯ ಜೊತೆಗೇ ಅವನ ಆಸ್ಪತ್ರೆ ಕಾರ್ಡೂ ಹೋಯಿತು. ನಮ್ಮ ತಂಡವನ್ನು ತೆಗೆದುಕೊಳ್ಳುವುದಾಗಿ ಹೇಳಿದ್ದ ಶರ್ಟಿನ ಕಾರ್ಖಾನೆಯಲ್ಲಿ ಮೂರು ತಿಂಗಳು ಪರೀಕ್ಷೆಯ ಮೇಲೆ ಇಟ್ಟುಕೊಂಡು, ಕಾಯಂ ಆದವರಿಗೆ ಕಾರ್ಡು ಮಾಡಿಸುತ್ತಿದ್ದರು. ಹೆಂಡತಿಯ ಕಾರ್ಡಿನಲ್ಲಿ ಗಂಡನಿಗೂ ಔಷಧ ಸಿಗುತ್ತಿತ್ತು. ಪುಟ್ಟಮ್ಮ ಸಂಬಳ ಎಷ್ಟೆಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದು ಒಂದೇ: “ಕಾಯಂ ಆಗಕ್ಕೆ ಏನ್ ಮಾಡ್ಬೇಕು ಸಾರ್?”

“ವೇಗ ಬೇಕಮ್ಮ” ಎಂದಿದ್ದೆ. ಅಧಿಕಾರಿಗಳು ಇಂಥ ಉತ್ತರಗಳನ್ನು ಬಹಳ ಬೇಗ ಕೊಡುತ್ತಾರೆ.

ವೇಗಕ್ಕೆ ಹೆಸರಾಗಿದ್ದವಳು ಜಯಮ್ಮ. ಇಪ್ಪತ್ತೈದರ ಸುಮಾರಿನವಳು, ಬಾಯಿಯೂ ಯಂತ್ರವೂ ಒಟ್ಟಿಗೆ ಓಡುತ್ತಿದ್ದವು. ಪುಟ್ಟಮ್ಮನ ಪಕ್ಕದ ಯಂತ್ರ ಅವಳದು, ಮನೆಯೂ ಅದೇ ಬೀದಿಯಲ್ಲಿ. “ಅಕ್ಕ, ಕಾಲಿಡು ಕಣಕ್ಕ, ಅದೇನು ಹಾವಾ?” ಎಂದು ದಿನವೂ ರೇಗಿಸುವಳು.

ಮೂರನೆಯ ತಿಂಗಳು ನಮ್ಮ ಸಾಹೇಬರಿಂದ ಒಂದು ಸ್ಟಾಪ್‌ವಾಚು ಬಂತು. ಸಾಹೇಬರು ಎಂದರೆ ನಮ್ಮ ಉಪನಿರ್ದೇಶಕರು. ಯಾವುದನ್ನಾದರೂ ಗೆರೆ ಎಳೆದು ತೋರಿಸದಿದ್ದರೆ ಅದು ಸಂಭವಿಸಿಯೇ ಇಲ್ಲ ಎಂದು ನಂಬಿದ್ದ ಮಹನೀಯರು. ಅವರ ಕೋಣೆಯ ಗೋಡೆಗಳ ಮೇಲೆ ಮಹಾತ್ಮರ ಪಟಗಳಿಗಿಂತ ಗ್ರಾಫುಗಳು ಹೆಚ್ಚಿದ್ದವು. “ಶ್ರೀಕಂಠಯ್ಯ, ಪ್ರತಿಯೊಬ್ಬರೂ ಗಂಟೆಗೆ ಎಷ್ಟು ಕಾಲರ್ ಮಾಡ್ತಾರೆ, ವೈಯಕ್ತಿಕವಾಗಿ ಅಳೆದು ತನ್ನಿ. ಅದರ ಆಧಾರದ ಮೇಲೆ ಕಾರ್ಖಾನೆಯವರು ಗುರಿ ನಿಗದಿ ಮಾಡ್ತಾರೆ” ಎಂದು ಅಪ್ಪಣೆ ಮಾಡಿದರು.

ಸ್ಟಾಪ್‌ವಾಚು ಪಡೆಯಲು ಮೂರು ಕಡೆ ಸಹಿ ಹಾಕಿ, ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಎದೆಗೆ ಒತ್ತಿಕೊಂಡು ಕಾಮಾಕ್ಷಿಪಾಳ್ಯಕ್ಕೆ ತಂದೆ. ಅದನ್ನು ನೋಡಿ ಜಯಮ್ಮ, “ಏನ್ಸಾರ್, ನಾಡಿ ನೋಡ್ತೀರಾ?” ಎಂದಳು.

“ನಾಳೆ ಬೆಳಗ್ಗೆ ಪರೀಕ್ಷೆ. ಒಂದು ಗಂಟೆ. ಯಾರು ಎಷ್ಟು ಹೊಲೀತೀರಿ ಅಂತ ಬರ್ಕೋತೀನಿ. ಯಾರೂ ಯಾರಿಗೂ ಹೇಳಿಕೊಡಬಾರದು.”

“ನಾವ್ಯಾಕೆ ಹೇಳಿಕೊಡೋಣ ಸಾರ್” ಎಂದಳು. ಅವಳು ಅಂದದ್ದು ಅಕ್ಷರಶಃ ನಿಜ. ಯಾರೂ ಯಾರಿಗೂ ಏನನ್ನೂ ಹೇಳಲಿಲ್ಲ.

ಮರುದಿನ ಸ್ಟಾಪ್‌ವಾಚು ಒತ್ತಿದೆ. ಅದರ ಮುಳ್ಳು ಬಹಳ ಸೊಗಸಾಗಿ ಓಡುತ್ತಿತ್ತು. ಅರವತ್ತು ನಿಮಿಷವೂ ಅದರ ಮೇಲೆ ಕಣ್ಣಿಟ್ಟಿದ್ದೆ. ಇಲಾಖೆಯ ಆಸ್ತಿ, ಎಲ್ಲಾದರೂ ನಿಂತುಬಿಟ್ಟರೆ ನಾನೇ ಜವಾಬ್ದಾರ. ಗಂಟೆ ಮುಗಿದ ಮೇಲೆ ಒಬ್ಬೊಬ್ಬರ ಬುಟ್ಟಿಯನ್ನೂ ಎಣಿಸಿದೆವು. ಮೊದಲ ಬುಟ್ಟಿಯಲ್ಲಿ ಇಪ್ಪತ್ನಾಲ್ಕು ಕಾಲರ್. ಎರಡನೆಯದರಲ್ಲಿ ಇಪ್ಪತ್ನಾಲ್ಕು. ಜಯಮ್ಮನದು ಇಪ್ಪತ್ನಾಲ್ಕು. ಪುಟ್ಟಮ್ಮನದು ಇಪ್ಪತ್ನಾಲ್ಕು. ಹದಿನಾರೂ ಬುಟ್ಟಿಯಲ್ಲಿ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಸ್ವಲ್ಪ ಬುದ್ಧಿಯಿದ್ದವನಾದರೂ ಅಲ್ಲಿ ಅನುಮಾನ ಪಡಬೇಕಾಗಿತ್ತು. ನನಗೆ ಅನುಮಾನಕ್ಕೆ ಬದಲು ರೋಮಾಂಚನವಾಯಿತು. ನನ್ನ ಬೋಧನೆ ಹದಿನಾರು ಜನರಲ್ಲೂ ಸಮವಾಗಿ ಇಳಿದಿದೆ ಎಂದು ತಿಳಿದೆ. ನಂಜುಂಡಪ್ಪನವರು ಚಾವಣಿ ನೋಡುತ್ತಿದ್ದರು. ಆ ಚಾವಣಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ‘ಇಡೀ ತಂಡದಲ್ಲಿ ಏಕರೂಪ ಪ್ರಗತಿ ಕಂಡುಬಂದಿರುತ್ತದೆ’ ಎಂದು ವರದಿ ಬರೆದೆ. ಗ್ರಾಫ್ ಎಳೆದರೆ ಅಡಿಕೋಲಿನಲ್ಲಿ ಎಳೆದಂಥ ನೇರ ಗೆರೆ. ಸಾಹೇಬರು ಅದನ್ನು ಕೈಗೆತ್ತಿಕೊಂಡು ದೂರ ಹಿಡಿದು, ಹತ್ತಿರ ಹಿಡಿದು, ಮಗುವಿನ ಜಾತಕ ನೋಡುವ ಅಜ್ಜನ ಹಾಗೆ ನೋಡಿದರು. ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಒಂದು ಪ್ರತಿ ದೆಹಲಿಗೆ ಹೋಯಿತು. ಇನ್ನೊಂದು ಪ್ರತಿ ಕಾರ್ಖಾನೆಗೆ ಹೋಯಿತು. ಕಾರ್ಖಾನೆಯವರು ಹದಿನಾರು ಜನರನ್ನೂ ತೆಗೆದುಕೊಂಡು, ತಲೆಗೆ ಗಂಟೆಗೆ ಇಪ್ಪತ್ನಾಲ್ಕು ಕಾಲರ್ ಎಂದು ಗುರಿ ಗೊತ್ತುಮಾಡಿದರು.

ಎರಡು ತಿಂಗಳು ಎಲ್ಲವೂ ನೆಟ್ಟಗಿತ್ತು. ಮೂರನೆಯ ತಿಂಗಳ ಮೊದಲ ವಾರ ಜಯಮ್ಮ ನಮ್ಮ ಕಚೇರಿಗೆ ಬಂದಳು. ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ.

“ಸಾರ್, ಒಂದೇ ಸಾಲಲ್ಲಿದ್ದ ನಮ್ಮನ್ನೆಲ್ಲ ಸುಂದರಂ ಸಾರ್ ಬೇರೆ ಬೇರೆ ಸಾಲಿಗೆ ಹಾಕವ್ರೆ.” ಸುಂದರಂ ಎಂದರೆ ಕಾರ್ಖಾನೆಯ ಉತ್ಪಾದನೆ ನೋಡಿಕೊಳ್ಳುವ ಮ್ಯಾನೇಜರು.

“ಅದಕ್ಕೇನೀಗ?”

“ಅದಕ್ಕೇನಾ? ಪುಟ್ಟಕ್ಕ ಒಬ್ಳೇ ಕೂತ್ರೆ ಹದಿಮೂರು, ತಪ್ಪಿದ್ರೆ ಹದಿನಾಲ್ಕು. ತಿಂಗಳ ಕೊನೇಗೆ ಮನೇಗೆ ಹೋಗಮ್ಮ ಅಂದವ್ರೆ.”

“ಪರೀಕ್ಷೇಲಿ ಇಪ್ಪತ್ನಾಲ್ಕು ಹೊಲಿದಿದ್ರಲ್ಲ!”

ಜಯಮ್ಮ ನನ್ನ ಮುಖವನ್ನೇ ನೋಡಿದಳು. ನನ್ನಂಥವನಿಗೆ ಸರ್ಕಾರ ಸಂಬಳ ಕೊಡುತ್ತಿದೆಯೆಂಬ ಸಂಗತಿಯನ್ನು ಅರಗಿಸಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ಆಮೇಲೆ ಹೇಳಿದಳು. ಅವತ್ತು ಅವಳು ಹೊಲಿದದ್ದು ಮೂವತ್ತಾರು. ಹನ್ನೆರಡನ್ನು ಬುಟ್ಟಿಯ ಸಮೇತ ಕಾಲಿನಿಂದ ಪಕ್ಕಕ್ಕೆ ತಳ್ಳಿದ್ದಳು. ಬುಟ್ಟಿಗಳು ನೆಲದ ಮೇಲೆ, ಸೀರೆಯ ನೆರಿಗೆಯ ಮರೆಯಲ್ಲಿ, ಯಂತ್ರದಿಂದ ಯಂತ್ರಕ್ಕೆ ಹೋಗಿ ಬಂದಿದ್ದವು. ಕೈ ಕಾಲರ್ ಹೊಲಿಯುತ್ತಿತ್ತು, ಎಡಗಾಲು ಲೆಕ್ಕ ಸರಿಮಾಡುತ್ತಿತ್ತು.

“ಯಾಕಮ್ಮ ಹೀಗೆ ಮಾಡಿದ್ರಿ?”

“ಯಾಕೆ ಅಂದ್ರೆ? ನಮ್ ಬೀದಿ ನಲ್ಲೀಲಿ ನೀರು ಅರ್ಧ ಗಂಟೆ ಬರ್ತದೆ ಸಾರ್. ಮೊದ್ಲು ಬಂದೋಳು ತನ್ನ ಮನೆ ಬಿಂದಿಗೆ ಎಲ್ಲಾ ತುಂಬ್ಕೊಂಡು ಹೋಗಲ್ಲ. ಎಲ್ರದೂ ಒಂದೊಂದು ತುಂಬಿದ್ಮೇಲೇನೇ ಎರಡ್ನೇದು. ಕೈಲಾಗದೋರ ಬಿಂದಿಗೇನ ಆಗೋರು ಹಿಡೀತಾರೆ. ಅದಕ್ಕೆ ಯಾರಾದ್ರೂ ಯಾಕೆ ಅಂತಾರಾ?”

ನಾನು ಆ ಬೀದಿಯಲ್ಲಿ ಆರು ತಿಂಗಳು ಓಡಾಡಿದ್ದೆ. ಆ ನಲ್ಲಿಯ ಮುಂದೆಯೇ ಬಸ್ಸಿಗೆ ಕಾಯುತ್ತಿದ್ದೆ. ಗಂಟೆಗಟ್ಟಲೆ ಕಾದರೂ ನೋಡಿರಲಿಲ್ಲ.

ಅವತ್ತಿನಿಂದ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ವಿಜಯನಗರದ ಬಸ್ಸು ಹತ್ತಿ ಹೊಸಹಳ್ಳಿಯಲ್ಲೇ ಇಳಿದುಬಿಡುವುದು, ಇಳಿದು ಯಾಕೆ ಇಳಿದೆನೆಂದು ಯೋಚಿಸುತ್ತಾ ಮುಂದಿನ ಸ್ಟಾಪಿನವರೆಗೆ ನಡೆಯುವುದು. ಮನೆಯಲ್ಲಿ ತಟ್ಟೆಯ ಮುಂದೆ ಕೂತವನು ಉಪ್ಪಿನಕಾಯಿ ತರಲು ಎದ್ದರೆ ಉಪ್ಪಿನಕಾಯಿ ತಟ್ಟೆಯಲ್ಲೇ ಇರುತ್ತಿತ್ತು. “ಅವಳಿಗೆ ವೇಗ ಬೇಕು ಅನ್ಬಾರ್ದಾಗಿತ್ತು, ಸಾಹೇಬರಿಗೆ ಹೇಳ್ಬೇಕು ಅಂತ ಗೊಣಗ್ತೀರಲ್ಲ, ಯಾರ್ರೀ ಅವಳು?” ಎಂದು ನನ್ನ ಹೆಂಡತಿ ಸಹಜವಾಗಿಯೇ ಕೇಳಿದಳು. ಉತ್ತರವನ್ನು ಮೂರು ದಿನ ಬಿಡಿಸಿ ಹೇಳಬೇಕಾಯಿತು.

ಸಾಹೇಬರ ಬಳಿ ಹೋದೆ.

“ಸಾರ್, ಆ ಗ್ರಾಫ್ ತಪ್ಪು.”

“ಗ್ರಾಫ್ ತಪ್ಪಾಗೋದಿಲ್ಲ ಕಣ್ರೀ ಶ್ರೀಕಂಠಯ್ಯ. ಜನ ತಪ್ಪಾಗಬಹುದು.”

“ಒಬ್ಬೊಬ್ಬರ ಲೆಕ್ಕ ಅಲ್ಲ ಸಾರ್ ಅದು. ಹಂಚಿಕೊಂಡಿದ್ದಾರೆ.”

ಅವರು ಗಾಜಿನ ಕೆಳಗಿನ ಗೆರೆಯನ್ನು ಬೆರಳಿನಿಂದ ನೇವರಿಸಿದರು. “ಮುಂದಿನ ತಿಂಗಳು ದೆಹಲಿಯಿಂದ ತಂಡ ಬರ್ತಾ ಇದೆ, ಇದನ್ನೇ ನೋಡೋಕೆ. ಅವರು ಬಂದು ಹೋಗಲಿ. ಆಮೇಲೆ ತಪ್ಪು ಮಾಡೋಣ.”

ಅಷ್ಟು ಹೊತ್ತಿಗೆ ಪುಟ್ಟಮ್ಮ ಕೆಲಸ ಹೋಗಿ ಮನೆ ಸೇರಿರುತ್ತಿದ್ದಳು. ನಾನು ಯಾರನ್ನೂ ಕೇಳದೆ ಕಾರ್ಖಾನೆಗೆ ಹೋದೆ. ಸತ್ಯ ಹೇಳಿದರೆ ಕೆಲಸ ಆಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಆ ವಯಸ್ಸಿನಲ್ಲೂ ಉಳಿದಿತ್ತು.

ಸುಂದರಂ ಕೆಟ್ಟ ಮನುಷ್ಯನಲ್ಲ. ಎದುರಿಗೆ ಕೂರಿಸಿ ಟೀ ತರಿಸಿದ. ನಾನು ಇದ್ದದ್ದನ್ನೆಲ್ಲ ಹೇಳಿದೆ. ಪುಟ್ಟಮ್ಮನ ಹದಿಮೂರನ್ನೂ ಹೇಳಿದೆ, ಜಯಮ್ಮನ ಮೂವತ್ತಾರನ್ನೂ ಹೇಳಿದೆ. ಇಪ್ಪತ್ನಾಲ್ಕು ಯಾರೊಬ್ಬರ ವೇಗವೂ ಅಲ್ಲ, ಅದನ್ನು ಎಲ್ಲರ ಮೇಲೂ ಹೇರಬೇಡಿ ಎಂದೆ. ಅವನು ಟೀ ಲೋಟ ಕೆಳಗಿಟ್ಟ.

“ಏನ್ ಸಾರ್, ಮೂವತ್ತಾರು ಹೊಲಿಯೋ ಕೈಯಿಂದ ನಾನು ಎರಡು ತಿಂಗಳಿಂದ ಇಪ್ಪತ್ನಾಲ್ಕು ತಗೊಳ್ತಾ ಇದೀನಾ?”

“ನಾನು ಹೇಳಿದ್ದು ಅದಲ್ಲ...”

“ಒಬ್ಬಳಿಗೆ ಆಗೋದಾದ್ರೆ ಎಲ್ರಿಗೂ ಆಗ್ಬೇಕು. ಮೂವತ್ತಾರು ಬೇಡ, ನಾನೂ ಮನುಷ್ಯ. ಮುಂದಿನ ತಿಂಗಳಿಂದ ಮೂವತ್ತು ಮಾಡ್ತೀನಿ. ಒಳ್ಳೇ ಮಾಹಿತಿ ಕೊಟ್ರಿ ಸಾರ್. ಥ್ಯಾಂಕ್ಸ್.”

ಒಬ್ಬಳ ಕೆಲಸ ಉಳಿಸಲು ಹೋಗಿ ಹದಿನೈದು ಜನರ ಕೆಲಸವನ್ನು ತಕ್ಕಡಿಗೆ ಹಾಕಿ ಬಂದಿದ್ದೆ. ಏಳುವ ಮೊದಲು, ಬೇರೇನೂ ತೋಚದೆ, “ನಿಗದಿ ಮಾಡೋ ಮುಂಚೆ ನೀವೇ ನಿಂತು ಅಳೆದು ನೋಡಿ. ನನ್ನ ಅಳತೆ ಒಂದು ಸಲ ತಪ್ಪಿದೆ, ಮತ್ತೆ ನಂಬಬೇಡಿ” ಎಂದೆ. ಅವನು ಒಪ್ಪಿದ. ಶನಿವಾರ ಮಧ್ಯಾಹ್ನ, ಕೆಲಸ ಬಿಟ್ಟ ಮೇಲೆ, ಹದಿನಾರು ಜನರನ್ನೂ ಒಟ್ಟಿಗೆ ಕರೆಸುವುದು. ನಡುವೆ ಒಂದೊಂದು ಯಂತ್ರ ಖಾಲಿ ಬಿಟ್ಟು ಕೂರಿಸುವುದು. ಬುಟ್ಟಿಗಳು ನೆಲದ ಮೇಲಲ್ಲ, ಮೇಜಿನ ಮೇಲೆ.

ಅದೇ ಸಂಜೆ ಕಾಮಾಕ್ಷಿಪಾಳ್ಯಕ್ಕೆ ಹೋಗಿ ಜಯಮ್ಮನಿಗೆ ತಿಳಿಸಿದೆ. ಅವಳು ಬಾಗಿಲಲ್ಲಿ ನಿಂತು ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು.

“ಸತ್ಯ ಹೇಳಿ ಅಂತ ನಿಮಗೆ ಯಾರ್ ಸಾರ್ ಹೇಳಿದ್ದು?”

“ನೀವೇ ಅಲ್ವೇನಮ್ಮ ಬಂದು ಹೇಳಿದ್ದು!”

“ನಾನು ನಿಮಗೆ ಹೇಳ್ದೆ. ಅವರಿಗೆ ಹೇಳಿ ಅಂದ್ನಾ? ಪುಟ್ಟಕ್ಕಂದು ಹೇಳಿದ್ರಿ ಸರಿ, ನನ್ ಮೂವತ್ತಾರು ಯಾಕೆ ಹೇಳಕ್ಕೋದ್ರಿ? ಅದೇನು ನಿಮ್ ಮನೇದಾ?”

ನನ್ನ ವೃತ್ತಿಯಲ್ಲಿ ಮೇಲಿನವರಿಂದ ಎಷ್ಟೋ ಬೈಗುಳ ತಿಂದಿದ್ದೇನೆ. ಅವೆಲ್ಲ ಕಾಗದದ ಮೇಲೆ ಬಂದವು, ಕಡತಕ್ಕೆ ಸೇರಿದವು. ಇದೊಂದು ಇನ್ನೂ ಕಡತಕ್ಕೆ ಸೇರಿಲ್ಲ. ನಾನು ತಲೆತಗ್ಗಿಸಿ ಶನಿವಾರದ ಏರ್ಪಾಟು ಹೇಳಿದೆ. ಅವಳು ಮತ್ತೆ ಸೊಪ್ಪು ಸೋಸತೊಡಗಿದಳು. “ಯಾವ ಹೊತ್ತಿಗೆ ಸಾರ್?” ಎಂದು ಮಾತ್ರ ಕೇಳಿದಳು.

ಶನಿವಾರ ನಂಜುಂಡಪ್ಪನವರನ್ನು ಸಾಕ್ಷಿಗೆಂದು ಕರೆದುಕೊಂಡು ಹೋದೆ. ಕಾರ್ಖಾನೆಯ ಹಾಲ್ ಖಾಲಿಯಾಗಿತ್ತು. ಹದಿನಾರು ಜನ ದೂರ ದೂರ ಕೂತರು. ಪುಟ್ಟಮ್ಮ ನಡುವಿನ ಸಾಲಿನಲ್ಲಿದ್ದಳು. ಸುಂದರಂ ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿ, ನಾನು ಮಾಡಿದ ತಪ್ಪು ಮಾಡದೆ, ಹೆಂಗಸರ ಕಡೆ ತಿರುಗಿ ನಿಂತ. ನೇರವಾಗಿ ಜಯಮ್ಮನ ಎದುರಿಗೆ. “ಶುರು ಮಾಡಿ” ಎಂದ.

ಹದಿನಾರು ಮೋಟಾರು ಒಟ್ಟಿಗೆ ಗುಂಯ್ ಎಂದವು. ನಾಲ್ಕು ಹೊಲಿಗೆಯಾಗುತ್ತಲೇ ಪುಟ್ಟಮ್ಮನ ಕಾಲು ಹೆದರಿತು, ಅವಳ ಯಂತ್ರ ನಿಂತಿತು. ಉಳಿದ ಹದಿನೈದೂ ನಿಂತವು.

ಒಬ್ಬಳು ಕೆಳದಾರದ ಬಾಬಿನ್ ತೆಗೆದು ಊದಿದಳು. ಒಬ್ಬಳು ಸೆರಗು ಸರಿಮಾಡಿಕೊಂಡಳು. ಜಯಮ್ಮನ ದಾರ ಕಡಿದಿತ್ತು, ನಿಧಾನವಾಗಿ ನಾಲಿಗೆಗೆ ಮುಟ್ಟಿಸಿ ಪೋಣಿಸುತ್ತಿದ್ದಳು. ಪುಟ್ಟಮ್ಮನ ಯಂತ್ರ ಶುರುವಾಯಿತು. ಹದಿನಾರೂ ಶುರುವಾದವು. ಅದು ನಿಂತರೆ ಇವೂ ನಿಂತವು. ಆ ದೊಡ್ಡ ಹಾಲ್ ಏದುಸಿರು ಬಿಡುವ ಒಂದೇ ಪ್ರಾಣಿಯ ಹಾಗೆ ಓಡಿತು, ನಿಂತಿತು, ಓಡಿತು. ತಲೆ ಎತ್ತದೆ ಹೊಲಿಯುತ್ತಿದ್ದ ಪುಟ್ಟಮ್ಮನಿಗೆ ಮೊದಲು ಗೊತ್ತಾಗಲಿಲ್ಲ. ತಾನು ನಿಲ್ಲಿಸಿದಾಗಲೆಲ್ಲ ಹಾಲ್ ಪೂರ್ತಿ ಮೌನವಾಗುವುದನ್ನು ಗಮನಿಸಿ ಒಮ್ಮೆ ಸುತ್ತ ನೋಡಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅವಳು ತಲೆ ತಗ್ಗಿಸಿ ಪೆಡಲ್ ಒತ್ತಿದಳು. ಆಮೇಲೆ ಹೊಲಿದದ್ದೆಲ್ಲ ಸ್ವಲ್ಪ ಬೇಗ ಬೇಗ ಹೊಲಿದಳು.

ನಾನು ಕೂರಲಾರದೆ, ನಿಲ್ಲಲಾರದೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಿದ್ದೆ. ಗಂಟೆಯೊಳಗೆ ಜಯಮ್ಮನ ದಾರ ಒಂಬತ್ತು ಸಲ ಕಡಿಯಿತು. ಎಣಿಸಿದಾಗ ಪುಟ್ಟಮ್ಮನ ಬುಟ್ಟಿಯಲ್ಲಿ ಹದಿನಾರು ಕಾಲರ್. ಜಯಮ್ಮನ ಬುಟ್ಟಿಯಲ್ಲಿ ಹದಿನಾರು. ಉಳಿದವರದೂ ಅಷ್ಟೇ.

ಸುಂದರಂ ಎಲ್ಲ ಬುಟ್ಟಿಗಳನ್ನೂ ಇನ್ನೊಮ್ಮೆ ತಾನೇ ಎಣಿಸಿದ. ಆಮೇಲೆ ನನ್ನ ಕಡೆ ತಿರುಗಿದ. “ಸಾರ್, ನೀವು ಸರ್ಕಾರದ ತಜ್ಞರು. ಇದು ಇವರ ನಿಜವಾದ ವೇಗ ಅಂತ ಬರೆದುಕೊಡ್ತೀರಾ?”

ಸತ್ಯ ಹೇಳಿದರೆ ಮತ್ತೆ ಅವರನ್ನು ಹಿಡಿದುಕೊಡಬೇಕು. ಸುಳ್ಳು ಬರೆದರೆ ಅವನು ನಂಬುವುದಿಲ್ಲ. ಅಷ್ಟರಲ್ಲಿ ನಂಜುಂಡಪ್ಪನವರು ಒಂದು ಕಾಲರ್ ಎತ್ತಿಕೊಂಡು ಮೂಲೆ ಒತ್ತಿ ನೋಡಿದರು.

“ಸುಂದರಂ ಸಾರ್, ಹೊಲಿಗೆ ಚೆನ್ನಾಗೈತೆ. ಶರ್ಟು ಯಾರು ಹೊಲಿದ್ರು ಅಂತ ನಿಮ್ಮ ಪದ್ಧತೀಲಿ ಹೆಂಗೂ ಹೇಳಕ್ಕಾಗಲ್ಲ. ಕಾಲರ್ ಮಾತ್ರ ಯಾರು ಹೊಲಿದ್ರು ಅಂತ ಯಾಕೆ ಕೇಳ್ತೀರಿ? ಎಲ್ರನ್ನೂ ಒಂದೇ ಸಾಲಲ್ಲಿ ಕೂರ್ಸಿ. ಸಾಲಿನ ಕೊನೇಲಿ ಒಂದು ದೊಡ್ಡ ಡಬ್ಬ ಇಡಿ. ಡಬ್ಬ ಎಣಿಸಿ, ತಲೆ ಎಣಿಸ್ಬೇಡಿ.”

“ಇಲ್ಲಾಂದ್ರೆ?”

“ಇಲ್ಲಾಂದ್ರೆ ಹದಿನಾರು” ಎಂದಳು ಜಯಮ್ಮ, ಯಂತ್ರಕ್ಕೆ ಹೊದಿಕೆ ಹಾಕುತ್ತಾ. ದನಿಯಲ್ಲಿ ಜಗಳವಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿದ ಹಾಗಿತ್ತು.

ಹಡಗಿಗೆ ಮಾಲು ತುಂಬುವ ದಿನ ಹತ್ತಿರ ಬಂದಿತ್ತು. ಪಳಗಿದ ಹದಿನಾರು ಕೈ ಸುಂದರಂಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಅವನು ಕಾಗದದ ಮೇಲೆ ಗುಣಿಸಿ, ಭಾಗಿಸಿ, ನೆತ್ತಿ ಕೆರೆದುಕೊಂಡ. ಕೊನೆಗೆ ಇಡೀ ಸಾಲಿಗೆ ಗಂಟೆಗೆ ಮುನ್ನೂರ ಇಪ್ಪತ್ತು ಎಂದು ಗುರಿ ಬರೆದ. “ಒಂದು ತಿಂಗಳು ನೋಡ್ತೀನಿ” ಎಂದ. ಆ ತಿಂಗಳು ಸಾಲು ಅದಕ್ಕಿಂತ ಹೆಚ್ಚೇ ಕೊಟ್ಟಿತು. ಹೊರಗೆ ಬಂದ ಮೇಲೆ ನನ್ನ ಪಕ್ಕದಲ್ಲಿ ನಡೆಯುತ್ತಾ, “ಇದನ್ನೆಲ್ಲ ನೀವೇ ಕಲಿಸಿದ್ರಾ ಸಾರ್?” ಎಂದು ಕೇಳಿದ. ಇಲ್ಲ ಎಂದು ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ದೆಹಲಿಯ ತಂಡ ಬಂದಾಗ ನಾನೇ ಎದ್ದು ನಿಂತು ಗ್ರಾಫಿನ ಕಥೆ ಹೇಳಿದೆ. ಅವರಲ್ಲಿ ಒಬ್ಬರು ನಕ್ಕರು, ಒಬ್ಬರು ಬರೆದುಕೊಂಡರು, ಒಬ್ಬರು ಊಟ ಎಲ್ಲಿ ಎಂದು ಕೇಳಿದರು. ಸಾಹೇಬರು ಗಾಜಿನ ಕೆಳಗಿನಿಂದ ಗೆರೆಯನ್ನು ತೆಗೆದರು. ಅವರ ಮುಖ ನೋಡಿದರೆ ನಿಜಕ್ಕೂ ದುಃಖವಾಗುತ್ತಿತ್ತು. ನನಗೊಂದು ಮೆಮೊ ಬಂತು. ಅದರ ಬೆನ್ನಿಗೇ ಕೆಂಗೇರಿಗೆ ವರ್ಗವಾಯಿತು. ಅಲ್ಲಿ ಮೇಣದಬತ್ತಿ ಮಾಡುವ ತರಬೇತಿ, ಅಳೆಯಲು ಕಾಲರುಗಳಿಲ್ಲದ ವಿಭಾಗ.

ಯುವ ಮಿತ್ರರೇ, ಇಲ್ಲಿಗೆ ಕಥೆ ಮುಗಿದಿದ್ದರೆ ನನಗೂ ನಿದ್ದೆ ಬರುತ್ತಿತ್ತು. ಕಾಮಾಕ್ಷಿಪಾಳ್ಯದ ಹಾಲ್ ಮುಂದಿನವರಿಗೆ ವಹಿಸಿಕೊಡಲು ಸಾಮಾನು ಪಟ್ಟಿ ಮಾಡುತ್ತಿದ್ದ ದಿನ ಪುಟ್ಟಮ್ಮ ಬಂದಳು. ಸೆರಗಿನ ಗಂಟು ಬಿಚ್ಚಿ ಕಾರ್ಡು ತೋರಿಸಿದಳು. ಅವಳ ಹೆಸರು, ಕೆಳಗೆ ಗಂಡನ ಹೆಸರು. ಗಂಡನನ್ನು ಆಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋಗಿದ್ದಾಯಿತೆಂದೂ ಉಸಿರಾಡಲಾಗದೆ ಕೂತುಕೊಂಡೇ ನಿದ್ದೆ ಮಾಡುವುದು ಈಗ ತಪ್ಪಿದೆಯೆಂದೂ ಹೇಳಿದಳು. ನಾನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಓದಿದೆ. ವಾಪಸು ಕೊಟ್ಟರೂ ಅವಳು ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಯಂತ್ರಗಳ ಕಡೆ ನೋಡುತ್ತಿದ್ದಳು.

“ಏನಮ್ಮ?”

“ಭಾನುವಾರ ಈ ಹಾಲ್ ಖಾಲಿ ಇರ್ತದಲ್ವಾ ಸಾರ್? ಒಂದು ಮಿಷನ್ ಮುಂದೆ ಕೂತ್ಕೊಳ್ಳಾ? ನಂಜುಂಡಪ್ನೋರು ಜೊತೇಲಿರ್ತೀನಿ ಅಂದವ್ರೆ.”

“ಕಾರ್ಡು ಬಂತಲ್ಲ ಪುಟ್ಟಮ್ಮ. ಕಾಯಂ ಆಯ್ತು. ತಲೆ ಎಣಿಸೋರೂ ಇಲ್ಲ. ಇನ್ಯಾಕೆ ಈ ಒದ್ದಾಟ?”

“ಆವತ್ತು ಹದಿನಾರೂ ನಿಂತವಲ್ಲ ಸಾರ್, ನನ್ ಕಾಲು ನಿಂತಾಗೆಲ್ಲ. ಅದು ಕಿವೀಲೇ ಕುಂತೈತೆ.” ಸೆರಗಿನ ಗಂಟನ್ನು ಒಮ್ಮೆ ಬಿಗಿದು, ಮತ್ತೆ ಬಿಗಿದಳು. “ಕಾರ್ಡು ಅವರು ಕೊಡ್ಸಿದ್ದು. ಇಪ್ಪತ್ನಾಲ್ಕು ನಾನೇ ಹೊಲೀಬೇಕು.”

ರಜಾ ದಿನ ತರಬೇತಿ ಕೇಂದ್ರ ತೆರೆಯಬೇಕಾದರೆ ಉಪನಿರ್ದೇಶಕರ ಲಿಖಿತ ಅನುಮತಿ ಬೇಕು, ವಿದ್ಯುತ್ ಬಳಕೆಗೆ ಬೇರೆ ಅರ್ಜಿ ಬೇಕು, ತರಬೇತಿ ಮುಗಿಸಿದವರಿಗೆ ಯಂತ್ರ ಮುಟ್ಟುವ ಹಕ್ಕಿಲ್ಲ. ಈ ನಿಯಮಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ಅದರಲ್ಲಿ ಎರಡನ್ನು ನಾನೇ ಬರೆದಿದ್ದೆ. ಸಾಮಾನು ಪಟ್ಟಿಯಲ್ಲಿ ‘ಹಾಲ್ ಬೀಗದ ಕೈ: ಎರಡು’ ಎಂದಿದ್ದದ್ದನ್ನು ಒಂದು ಎಂದು ತಿದ್ದಿದೆ. ಇನ್ನೊಂದನ್ನು ಅವಳ ಅಂಗೈಯಲ್ಲಿಟ್ಟೆ.